ಬೇಲದ ಹಣ್ಣಿನ ಪಾನಕ: ಹಣ್ಣು ಆರಿಸುವುದರಿಂದ ಲೋಟಕ್ಕೆ ಸುರಿಯುವವರೆಗೆ

ಬಿಸಿಲು ಏರುತ್ತಿದ್ದ ಹಾಗೆ ನಿಮ್ಮಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. ಬೇಲದ ಹಣ್ಣಿನ ಪಾನಕ ಮಾಡೋದು ಹೇಗೆ? ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಮಾಡಿದ್ವಿ, ಒಗರು ಬಂತು, ಗಂಟಲು ಹಿಡೀತು, ಮಕ್ಕಳು ಮುಟ್ಟಲಿಲ್ಲ, ಎಲ್ಲಿ ತಪ್ಪಾಯ್ತು? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪಾನಕಕ್ಕೆ ಒಲೆ ಹಚ್ಚಬೇಕಿಲ್ಲ, ಮಿಕ್ಸಿಯಂತೂ ಬೇಡವೇ ಬೇಡ. ಮುಕ್ಕಾಲು ಪಾಲು ಕೆಲಸ ಹಣ್ಣು ಆರಿಸುವಾಗಲೇ ಮುಗಿದಿರುತ್ತದೆ. ಸರಿಯಾಗಿ ಕಳಿತ ಹಣ್ಣು ಸಿಕ್ಕರೆ ಯಾರು ಮಾಡಿದರೂ ಚೆನ್ನಾಗಿ ಬರುತ್ತದೆ. ಕಾಯಿ ತಂದು ಮಾಡಿದರೆ ಎಷ್ಟು ಬೆಲ್ಲ ಸುರಿದರೂ ಸರಿಹೋಗುವುದಿಲ್ಲ. ಅದಕ್ಕೇ ಹಣ್ಣಿನ ಬಗ್ಗೆ ಜಾಸ್ತಿ ಬರೆದಿದ್ದೇನೆ, ಬೆರೆಸುವ ಬಗ್ಗೆ ಕಡಿಮೆ. ದಯವಿಟ್ಟು ಮೊದಲ ಎರಡು ಹಂತಗಳನ್ನು ಹಾರಿಸಿ ಓದಬೇಡಿ.

ಈ ಹಣ್ಣು ಎಲ್ಲಿ ಸಿಗುತ್ತೆ, ಯಾವಾಗ ಸಿಗುತ್ತೆ

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆಯವರಿಗೆ ಬೇಲದ ಮರದ ಪರಿಚಯ ಮಾಡಿಕೊಡಬೇಕಿಲ್ಲ. ಹೊಲದ ಬದುವಿನಲ್ಲೋ, ದೇವಸ್ಥಾನದ ಹಿಂದೆಯೋ ಒಂದು ಹಳೇ ಮರ ಇದ್ದೇ ಇರುತ್ತದೆ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆಯವರು ಮಾತ್ರ ಇದನ್ನು ನೋಡಿರುವುದು ಕಡಿಮೆ. ವರ್ಷದಲ್ಲಿ ಕೆಲವು ತಿಂಗಳಾದರೂ ಒಣ ಹವೆ ಇರುವ ಜಾಗ ಈ ಮರಕ್ಕೆ ಬೇಕು, ಹಾಗಾಗಿ ಬಯಲುಸೀಮೆಯಲ್ಲೇ ಇದು ಚೆನ್ನಾಗಿ ಬರುತ್ತದೆ. ಒಂದೇ ಜಿಲ್ಲೆಯೊಳಗೇ ಒಂದು ಕಡೆ ಹಣ್ಣು ಮರದ ಕೆಳಗೆ ಬಿದ್ದು ಕೊಳೆಯುತ್ತಿರುತ್ತದೆ, ಇನ್ನೊಂದು ಕಡೆಯವರು ಅದನ್ನು ಕಣ್ಣಲ್ಲೇ ನೋಡಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಬಾಟಲಿಯ ಬಣ್ಣದ ನೀರಿಗೆ ದುಡ್ಡು ಕೊಡುವ ನಾವು ಬದುವಿನ ಮೇಲಿನ ಹಣ್ಣನ್ನು ಎತ್ತಿಕೊಳ್ಳುತ್ತಿಲ್ಲ.

ಹಣ್ಣು ಬಲಿತು ಕಳಿಯುವ ಕಾಲ ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮಾರ್ಚ್. ಇದನ್ನು ಚೆನ್ನಾಗಿ ನೆನಪಿಡಿ, ಯಾಕೆಂದರೆ ಒಗರು ಬಂತು ಅನ್ನುವವರಲ್ಲಿ ಬಹಳಷ್ಟು ಜನ ಗಣೇಶನ ಹಬ್ಬಕ್ಕೆ ತಂದ ಬೇಲದಲ್ಲಿ ಪಾನಕ ಮಾಡಿರುತ್ತಾರೆ. ಹಬ್ಬ ಬರುವುದು ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ನಲ್ಲೋ. ಆಗ ಪೂಜೆ ಸಾಮಾನಿನ ಜೊತೆ ಮಾರುವುದು ಬಹುಪಾಲು ಕಾಯಿ. ದೇವರ ಮುಂದೆ ಇಡಲು ಅಡ್ಡಿಯಿಲ್ಲ, ಕುಡಿಯಲು ಆಗುವುದಿಲ್ಲ. ರಾಮನವಮಿ ಬರುವುದು ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ, ಅಷ್ಟರಲ್ಲಿ ಒಳ್ಳೆಯ ಹಣ್ಣು ಸಿಕ್ಕಿರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರಾಮನವಮಿಗೆ ಬೇಲದ ಪಾನಕವನ್ನೇ ಮಾಡುವುದು ಸುಮ್ನೆ ಅಲ್ಲ.

ಬೇಲ ಬೇರೆ, ಬಿಲ್ವ ಬೇರೆ

ಎರಡಕ್ಕೂ ಗಟ್ಟಿ ಚಿಪ್ಪು, ಎರಡಕ್ಕೂ ಮುಳ್ಳು, ಎರಡೂ ನಿಂಬೆಯ ಕುಟುಂಬಕ್ಕೇ ಸೇರಿದವು. ಹೀಗಾಗಿ ಗೊಂದಲ ಆಗುವುದು ಸಹಜ. ಗುರುತು ಹೇಳುತ್ತೇನೆ. ಬಿಲ್ವದ ಎಲೆ ಮೂರು ದಳದ್ದು, ಶಿವಪೂಜೆಗೆ ಬಳಸುತ್ತೇವಲ್ಲ, ಅದೇ. ಬೇಲದ ಎಲೆಯಲ್ಲಿ ಒಂದೇ ಕಡ್ಡಿಗೆ ಐದೋ ಏಳೋ ಸಣ್ಣ ದಳಗಳಿರುತ್ತವೆ, ಉಜ್ಜಿದರೆ ಘಮ ಬರುತ್ತದೆ. ಬಿಲ್ವದ ಕಾಯಿಯ ಚಿಪ್ಪು ನುಣುಪು, ಹಣ್ಣಾದಾಗ ಹಳದಿ ಕಡೆಗೆ ತಿರುಗುತ್ತದೆ, ಒಳಗಿನ ತಿರುಳೂ ಹಳದಿ, ಬೀಜದ ಸುತ್ತ ಅಂಟು ಅಂಟು. ಬೇಲದ ಚಿಪ್ಪು ಬೂದು ಬಿಳುಪು, ಕೈಗೆ ಒರಟು, ಒಳಗಿನ ತಿರುಳು ಕಂದು, ಸಾಸಿವೆಗಿಂತ ಸ್ವಲ್ಪ ದಪ್ಪದ ಬಿಳಿ ಬೀಜ ತಿರುಳಿನ ತುಂಬ ಹರಡಿರುತ್ತದೆ. ಬಿಲ್ವದಲ್ಲೂ ಪಾನಕ ಮಾಡುತ್ತಾರೆ, ಆದರೆ ಅದರಲ್ಲಿ ಹುಳಿ ಇಲ್ಲ, ಅಳತೆಯೂ ಬೇರೆ. ಇಲ್ಲಿ ಹೇಳುತ್ತಿರುವುದು ಬೇಲದ್ದು ಮಾತ್ರ.

ಏನೇನು ಬೇಕು

ಸಾಧಾರಣ ಲೋಟದಲ್ಲಿ ನಾಲ್ಕು ಲೋಟ ಪಾನಕಕ್ಕೆ:

- ಚೆನ್ನಾಗಿ ಕಳಿತ ಮಧ್ಯಮ ಗಾತ್ರದ ಬೇಲದ ಹಣ್ಣು 1 (ತಿರುಳು ಹೆಚ್ಚುಕಡಿಮೆ ಅರ್ಧ ಬಟ್ಟಲು, ಅಂದರೆ 100 ಗ್ರಾಂ ಆಸುಪಾಸು)
- ಬೆಲ್ಲದ ಪುಡಿ ಸುಮಾರು 100 ಗ್ರಾಂ
- ಕುದಿಸಿ ಆರಿಸಿದ ನೀರು 3 ಲೋಟ, ಆಮೇಲೆ ಹದ ನೋಡಿ ಸೇರಿಸಲು ಇನ್ನೊಂದಿಷ್ಟು
- ಏಲಕ್ಕಿ 3
- ಒಣಶುಂಠಿ ಪುಡಿ ಕಾಲು ಚಮಚ
- ಕಾಳುಮೆಣಸು 4 ಅಥವಾ 5
- ಉಪ್ಪು ಒಂದು ಚಿಟಿಕೆ

ಅಳತೆ ಬರೆದಿಟ್ಟುಕೊಳ್ಳುವುದಾದರೆ ತಿರುಳು ಒಂದು ಪಾಲು, ಬೆಲ್ಲ ಒಂದು ಪಾಲು, ನೀರು ಆರು ಪಾಲು, ಎಲ್ಲಾ ತೂಕದಲ್ಲಿ. ಹಣ್ಣು ಸಣ್ಣದಿರಲಿ ದೊಡ್ಡದಿರಲಿ ಇದನ್ನು ಹಿಡಿದು ಹೊರಟರೆ ಸಾಕು.

ಪಾತ್ರೆ ಸ್ಟೀಲಿನದು, ಗಾಜಿನದು ಅಥವಾ ಮಣ್ಣಿನದು ಇರಲಿ. ಬೇಲದಲ್ಲಿ ಹುಳಿ ಇದೆ. ಅಲ್ಯೂಮಿನಿಯಂ, ತಾಮ್ರ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಇಟ್ಟರೆ ಲೋಹ ಬಿಟ್ಟುಕೊಂಡು ಕಿಲುಬಿನ ರುಚಿ ಬರುತ್ತದೆ, ಹೊಟ್ಟೆಗೂ ಒಳ್ಳೆಯದಲ್ಲ. ಹಬ್ಬದ ದಿನ ಅಟ್ಟದಿಂದ ಹಳೇ ಹಿತ್ತಾಳೆ ಕೊಳಗ ಇಳಿಸುವ ಆಸೆ ಆಗುತ್ತದೆ, ಅಲ್ವಾ? ಒಳಗೆ ಕಲಾಯಿ ಇದೆಯಾ ನೋಡಿಕೊಂಡು ಇಳಿಸಿ.

ಬೆಲ್ಲದ ಬಗ್ಗೆ ಒಂದು ಮಾತು. ತೀರಾ ಬೆಳ್ಳಗೆ, ಹಳದಿಯಾಗಿ ಹೊಳೆಯುವ ಬೆಲ್ಲವನ್ನು ನಾನು ತರುವುದಿಲ್ಲ. ಬಣ್ಣ ತಿಳಿಯಾಗಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದುಂಟು. ಕಂದು ಬಣ್ಣದ ಉಂಡೆ ಬೆಲ್ಲ ಅಥವಾ ಅಚ್ಚು ಬೆಲ್ಲ ಇರಲಿ. ಬೇಲದ ಬಣ್ಣವೇ ಕಂದು, ಬೆಲ್ಲ ಕಪ್ಪಗಿದ್ದರೂ ಪಾನಕ ನೋಡೋಕೆ ಏನೂ ಕೆಡುವುದಿಲ್ಲ.

ಹಂತ 1: ಹಣ್ಣು ಆರಿಸುವುದು

ಮೂರು ಪರೀಕ್ಷೆ ಮಾಡಿ, ಮೂರರಲ್ಲೂ ಪಾಸಾದ ಹಣ್ಣನ್ನೇ ತನ್ನಿ.

ಮೊದಲು ಮೂಸಿ. ತೊಟ್ಟಿನ ಜಾಗದಲ್ಲಿ ಮೂಗಿಟ್ಟರೆ ಚಿಪ್ಪಿನ ಹೊರಗಿನಿಂದಲೇ ಗಾಢವಾದ ಹುಳಿಸಿಹಿ ಘಮ ಬರಬೇಕು. ಘಮ ಇಲ್ಲ ಅಂದರೆ ಹಣ್ಣಾಗಿಲ್ಲ. ಹೆಂಡದಂಥ ವಾಸನೆ ಬಂದರೆ ಒಳಗೆ ಹುಳಿ ಹಿಡಿದಿದೆ, ಬಿಟ್ಟುಬಿಡಿ.

ಎರಡನೆಯದು, ನೆಲಕ್ಕೆ ಬಿಟ್ಟು ನೋಡುವುದು. ಒಂದು ಅಡಿ ಎತ್ತರದಿಂದ ಸಿಮೆಂಟು ನೆಲಕ್ಕೋ ಕಲ್ಲಿಗೋ ಹಣ್ಣನ್ನು ಬಿಡಿ. ಕಾಯಿ ಆಗಿದ್ದರೆ ಠಣ್ ಅಂತ ಪುಟಿಯುತ್ತದೆ. ಬಲಿತದ್ದು ದಪ್ ಅಂತ ಬಿದ್ದು ಅಲ್ಲೇ ಕೂರುತ್ತದೆ. ಎಷ್ಟೋ ಕಾಲದಿಂದ ಬಂದ ಪರೀಕ್ಷೆ ಇದು, ಮೋಸ ಮಾಡುವುದು ಕಡಿಮೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರೊಬ್ಬರು ನೆಲಕ್ಕೂ ಬಿಡುವುದಿಲ್ಲ. ಎರಡು ಹಣ್ಣನ್ನು ಒಂದಕ್ಕೊಂದು ತಟ್ಟಿ, ಕಿವಿಗೊಟ್ಟು ಕೇಳಿ, "ಇವೆರಡು ಇವತ್ತೇ ಆಯ್ತವೆ ಕಣಕ್ಕ, ಇದನ್ನ ಇನ್ನೊಂದ್ ವಾರ ಬಿಸ್ಲಿಗಿಡು" ಅನ್ನುತ್ತಾರೆ. ಅವರು ಹೇಳಿದ ಹಾಗೇ ಆಗುತ್ತದೆ. ಮಾರುವವರನ್ನು ಕೇಳಲು ಸಂಕೋಚ ಬೇಡ, ನಮಗಿಂತ ಅವರ ಕೈಗೆ ಚೆನ್ನಾಗಿ ಗೊತ್ತು.

ಮೂರನೆಯದು, ಚಿಪ್ಪನ್ನು ಸುತ್ತಲೂ ತಿರುಗಿಸಿ ನೋಡುವುದು. ಸಣ್ಣ ತೂತು ಇದ್ದರೆ ಹುಳ ಕೊರೆದು ಒಳಗೆ ಹೋಗಿದೆ. ಬಿರುಕು ಇದ್ದರೆ ಗಾಳಿ, ಇರುವೆ, ಬೂಷ್ಟು ಎಲ್ಲಾ ಒಳಗೆ ಸೇರಿರುತ್ತದೆ. ಮರದಿಂದ ತಾನಾಗಿ ಉದುರಿದ ಹಣ್ಣು ಪಾನಕಕ್ಕೆ ತುಂಬಾ ಒಳ್ಳೆಯದು, ಆದರೆ ಆವತ್ತೇ ಆರಿಸಿದ್ದಾಗಿರಬೇಕು, ಚಿಪ್ಪು ಇಡಿಯಾಗಿರಬೇಕು. ಒಡೆದು ಬಿದ್ದಿದ್ದನ್ನು, ಪ್ರಾಣಿ ಕಚ್ಚಿದ್ದನ್ನು ಮುಟ್ಟಬೇಡಿ.

ಗಾತ್ರ ನೋಡಿ ಮರುಳಾಗಬೇಡಿ. ದೊಡ್ಡ ಹಣ್ಣಿನ ಚಿಪ್ಪೂ ದಪ್ಪ ಇರಬಹುದು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರ ಇರಬೇಕು.

ಹಂತ 2: ಕಳಿಯಲು ಬಿಡುವುದು

ತಂದ ಹಣ್ಣು ಬಲಿತಿದೆ, ಪುಟಿಯುವುದಿಲ್ಲ, ಆದರೆ ಘಮ ಇನ್ನೂ ಬಂದಿಲ್ಲ ಅಂದರೆ ಕಾಯಬೇಕು. ತಾರಸಿಯ ಮೇಲೆ ಬಿಸಿಲಿಗಿಡಿ, ದಿನಕ್ಕೊಮ್ಮೆ ಮಗ್ಗುಲು ಬದಲಾಯಿಸಿ, ರಾತ್ರಿ ಒಳಗೆ ತನ್ನಿ. ಎರಡು ವಾರದವರೆಗೂ ಹಿಡಿಯಬಹುದು. ಮನೆಯಲ್ಲಿ ಹುಲ್ಲಿದ್ದರೆ ಹುಲ್ಲಿನ ನಡುವೆ ಹುದುಗಿಸಿಟ್ಟರೂ ಆಗುತ್ತದೆ. ಘಮ ಕೋಣೆಯಲ್ಲೆಲ್ಲ ಹರಡುತ್ತದೆ, ಆಗ ಒಡೆಯಿರಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಫ್ರಿಜ್ಜಿಗಿಟ್ಟು ಕಾಯುವುದು. ತಣ್ಣಗಿದ್ದರೆ ಹಣ್ಣು ಕಳಿಯುವುದು ನಿಧಾನವಾಗುತ್ತದೆ. ಇನ್ನೊಂದು, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡುವುದು. ತೇವ ಕೂತು ತೊಟ್ಟಿನ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಇನ್ನು ತೀರಾ ಎಳೆಯದನ್ನೇ ಕಿತ್ತು ತಂದಿದ್ದರೆ ಎಷ್ಟು ದಿನ ಇಟ್ಟರೂ ಹಣ್ಣಾಗುವುದಿಲ್ಲ, ಒಣಗುತ್ತದೆ ಅಷ್ಟೇ. ಅಂಥದ್ದನ್ನು ಹಸಿಮೆಣಸಿನಕಾಯಿ ಹಾಕಿ ಚಟ್ನಿಗೆ ಬಳಸಿಕೊಳ್ಳಿ.

ಹಂತ 3: ಒಡೆಯುವುದು

ಒಡೆಯುವ ಮೊದಲು ಹಣ್ಣನ್ನು ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಚಿಪ್ಪು ತಿನ್ನಲ್ಲವಲ್ಲ, ಯಾಕೆ ತೊಳೀಬೇಕು ಅಂತ ಕೇಳುತ್ತಾರೆ. ಒಡೆದಾಗ ಹೊರಗಿನ ಮಣ್ಣು ನೇರ ತಿರುಳಿಗೇ ಬೀಳುತ್ತದೆ, ಅದಕ್ಕೆ.

ಚಾಕು ಬೇಡ. ಜಾರಿ ಕೈಗೆ ಬೀಳುತ್ತದೆ, ಚಿಪ್ಪಂತೂ ಕೊಯ್ಯುವುದಿಲ್ಲ. ಹಣ್ಣನ್ನು ದಪ್ಪ ಬಟ್ಟೆಯಲ್ಲಿ ಹಿಡಿದು, ಕಲ್ಲಿನ ಮೇಲಿಟ್ಟು, ರುಬ್ಬುಗುಂಡಿನಿಂದಲೋ ಮಚ್ಚಿನ ಹಿಂಬದಿಯಿಂದಲೋ ನಡುಮಧ್ಯಕ್ಕೆ ಮೆಲ್ಲಗೆ ತಟ್ಟಿ, ತಿರುಗಿಸಿ, ಮತ್ತೆ ತಟ್ಟಿ. ಸುತ್ತಲೂ ಗೆರೆ ಹೊಡೆದ ಹಾಗೆ ಬಿರುಕು ಬಂದ ಮೇಲೆ ಕೈಯಲ್ಲಿ ಬಿಡಿಸಿದರೆ ಎರಡು ಹೋಳಾಗುತ್ತದೆ. ಒಂದೇ ಏಟಿಗೆ ಜೋರಾಗಿ ಕುಟ್ಟಿದರೆ ಚಿಪ್ಪು ಪುಡಿಪುಡಿಯಾಗಿ ತಿರುಳಿನೊಳಗೆ ಸೇರುತ್ತದೆ. ಆ ಚೂರು ಹಲ್ಲಿಗೆ ಸಿಕ್ಕರೆ ಹಲ್ಲೇ ಹೋದೀತು, ಮಕ್ಕಳ ಗಂಟಲಿಗೂ ಅಪಾಯ. ಇಲ್ಲಿ ಅವಸರ ಮಾಡಬೇಡಿ.

ಹಂತ 4: ತಿರುಳು ನೋಡುವುದು

ಹೋಳಾದ ತಕ್ಷಣ ಬೆಳಕಿನಲ್ಲಿ ಹಿಡಿದು ನೋಡಿ. ಒಳ್ಳೆಯ ತಿರುಳು ಕಂದು ಬಣ್ಣಕ್ಕಿರುತ್ತದೆ, ಕಿವುಚಿದ ಹುಣಸೆಹಣ್ಣಿನ ಹಾಗೆ ಮೆತ್ತಗೆ, ನಾರುನಾರಾಗಿ. ಚೆನ್ನಾಗಿ ಕಳಿತಿದ್ದರೆ ಚಿಪ್ಪಿನ ಒಳಮೈ ಬಿಟ್ಟುಕೊಂಡು ಉಂಡೆಯಾಗಿ ಕೂತಿರುತ್ತದೆ, ಚಮಚ ಹಾಕಿದರೆ ಸಲೀಸಾಗಿ ಏಳುತ್ತದೆ. ಉಗುರಿನಷ್ಟು ತಿರುಳು ನಾಲಿಗೆಗೆ ಇಟ್ಟು ನೋಡಿ. ಮೊದಲು ಹುಳಿ, ಹಿಂದೆಯೇ ಸಿಹಿ ಬರಬೇಕು. ನಾಲಿಗೆ ಒಣಗಿ ಹಿಡಿದುಕೊಂಡರೆ ಅದು ಒಗರು. ಟ್ಯಾನಿನ್ ಅನ್ನುವ ಅಂಶ ಅದು, ಕಡುಚಹಾ ಕುಡಿದಾಗ ಬಾಯಿ ಒಣಗುವುದೂ ಅದರಿಂದಲೇ. ಒಗರಿದ್ದರೆ ಹಣ್ಣು ಇನ್ನೂ ಕಳಿತಿಲ್ಲ. ಒಡೆದ ಮೇಲೆ ಮತ್ತೆ ಕಳಿಯುವುದಿಲ್ಲ, ಆ ಹಣ್ಣನ್ನು ಪಾನಕಕ್ಕೆ ಬಳಸಬೇಡಿ.

ತಿರುಳು ಕರ್ರಗಿದ್ದರೆ, ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ, ಹುಳ ಹರಿದ ಪುಡಿ ಕಂಡರೆ ಪೂರ್ತಿ ಹಣ್ಣನ್ನು ಎಸೆಯಿರಿ. ಕೆಟ್ಟ ಭಾಗ ಮಾತ್ರ ತೆಗೆದು ಉಳಿದದ್ದು ಬಳಸೋಣ ಅಂತ ಬಹಳ ಜನ ಮಾಡುತ್ತಾರೆ. ಮಾಡಬಾರದು. ಮೆತ್ತಗಿನ ತಿರುಳಿನಲ್ಲಿ ಬೂಷ್ಟಿನ ಬೇರು ಕಣ್ಣಿಗೆ ಕಾಣದ ಕಡೆಗೂ ಹರಡಿರುತ್ತದೆ. ಇದೇ ಕಾರಣಕ್ಕೆ ಒಂದು ಹಣ್ಣು ಬೇಕಾದಲ್ಲಿ ಎರಡು ತನ್ನಿ. ಜಾಸ್ತಿ ಹಣ್ಣು ಒಡೆಯುವಾಗ ಒಂದೊಂದರ ತಿರುಳನ್ನೂ ಬೇರೆ ಬಟ್ಟಲಿಗೆ ಹಾಕಿ, ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸೇರಿಸಿ.

ಹಂತ 5: ನೆನೆಸಿ ಕಿವುಚುವುದು

ತಿರುಳಿಗೆ ಒಂದು ಲೋಟ ನೀರು ಹಾಕಿ ಅರ್ಧ ಗಂಟೆ ಬಿಡಿ. ಕುದಿಸಿ ಆರಿಸಿದ ನೀರು, ಉಗುರುಬೆಚ್ಚಗಿದ್ದರೂ ಪರವಾಗಿಲ್ಲ. ಆಮೇಲೆ ಚೆನ್ನಾಗಿ ತೊಳೆದ ಕೈಯಲ್ಲಿ ಕಿವುಚಿ. ನಾರು ಒಂದು ಕಡೆ, ಬೀಜ ಒಂದು ಕಡೆ ಬಿಟ್ಟುಕೊಂಡು ನೀರು ಮಂದವಾಗುತ್ತದೆ. ಬೆರಳಿಗೆ ಗಂಟು ಸಿಗದಿರುವವರೆಗೂ ಕಿವುಚಿ, ಐದು ನಿಮಿಷದ ಕೆಲಸ.

ಮಿಕ್ಸಿಗೆ ಹಾಕಬೇಡಿ ಅಂದೆನಲ್ಲ, ಕಾರಣ ಬೀಜ. ಮಿಕ್ಸಿಯಲ್ಲಿ ಬೀಜ ಒಡೆದು ಪುಡಿಯಾಗುತ್ತದೆ, ಪಾನಕ ಮರಳುಮರಳಾಗುತ್ತದೆ, ರುಚಿಯೂ ಕೆಡುತ್ತದೆ. ಆ ಪುಡಿ ಯಾವ ಜರಡಿಯಲ್ಲೂ ನಿಲ್ಲುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಕೈ ಸೋಲುತ್ತದೆ ಅನ್ನುವವರು ಮಜ್ಜಿಗೆ ಕಡೆಯುವ ಮರದ ಕಡಗೋಲು ಬಳಸಿ, ಬೀಜ ಒಡೆಯುವುದಿಲ್ಲ.

ಹಂತ 6: ಸೋಸುವುದು

ಸ್ಟೀಲಿನ ಜರಡಿಯಲ್ಲಿ ಸೋಸಿ. ಹಿಟ್ಟಿನ ಜರಡಿ ತೀರಾ ಸಣ್ಣ ಆಯ್ತು, ಟೀ ಸೋಸುವುದರಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಸ್ವಲ್ಪ ದೊಡ್ಡ ಕಣ್ಣಿನದು ಬೇಕು, ಬೀಜ ನಿಲ್ಲಬೇಕು, ತಿರುಳು ಇಳಿಯಬೇಕು. ಚಮಚದ ಬೆನ್ನಿನಿಂದ ಒತ್ತಿ, ಜರಡಿಯಲ್ಲಿ ಉಳಿದದ್ದಕ್ಕೆ ಇನ್ನರ್ಧ ಲೋಟ ನೀರು ಹಾಕಿ ಮತ್ತೊಮ್ಮೆ ಕಿವುಚಿ ಸೋಸಿ. ಎರಡನೇ ಸಲದ ರಸದಲ್ಲೂ ಒಳ್ಳೆಯ ರುಚಿ ಇರುತ್ತದೆ.

ಬಟ್ಟೆಯಲ್ಲಿ ಹಿಂಡಬೇಡಿ. ಹಿಂಡಿದರೆ ತಿಳಿನೀರು ಬರುತ್ತದೆ, ನಾರಿನಂಶ ಎಲ್ಲಾ ಬಟ್ಟೆಯಲ್ಲೇ ಉಳಿಯುತ್ತದೆ. ಬೇಲ ಕುಡಿಯುವುದೇ ಆ ಮಂದಕ್ಕೆ, ಹೊಟ್ಟೆ ತುಂಬಿಸುವುದೂ ಅದೇ. ಜರಡಿಯಲ್ಲಿ ಉಳಿದ ಬೀಜ ಎಸೆಯಬೇಡಿ, ಕೊನೆಗೆ ಅದರ ಬಗ್ಗೆ ಹೇಳುತ್ತೇನೆ.

ಹಂತ 7: ಬೆಲ್ಲ ಕರಗಿಸುವುದು

ಬೆಲ್ಲವನ್ನು ನೇರ ತಿರುಳಿಗೆ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಬೆಲ್ಲದಲ್ಲಿ ಕಸ, ಮರಳು, ಕಬ್ಬಿನ ಸಿಪ್ಪೆ ಇರುತ್ತದೆ. ಬೇರೆ ಪಾತ್ರೆಯಲ್ಲಿ ಒಂದು ಲೋಟ ನೀರಿಗೆ ಬೆಲ್ಲ ಹಾಕಿ, ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ. ಬೇಗ ಕರಗಲಿ ಅಂತ ಬಿಸಿ ಮಾಡಿದ್ದರೆ ಪೂರ್ತಿ ಆರಿದ ಮೇಲೇ ತಿರುಳಿಗೆ ಸೇರಿಸಿ. ಬಿಸಿ ಪಾಕ ಸುರಿದರೆ ಬೇಲದ ಘಮ ಆವಿಯಾಗಿ ಹೋಗುತ್ತದೆ, ಆಮೇಲೆ ಉಳಿಯುವುದು ಬರೀ ಹುಳಿ ಬೆಲ್ಲದ ನೀರು.

ಹಂತ 8: ಬೆರೆಸುವುದು

ತಿರುಳಿನ ರಸಕ್ಕೆ ಮೊದಲು ಮುಕ್ಕಾಲು ಪಾಲು ಬೆಲ್ಲದ ನೀರು ಹಾಕಿ ರುಚಿ ನೋಡಿ. ಕೆಲವು ಮರದ ಹಣ್ಣು ತಾನೇ ಸಿಹಿ ಇರುತ್ತದೆ, ಕೆಲವು ಬರೀ ಹುಳಿ. ಬೇಕಾದರೆ ಉಳಿದ ಬೆಲ್ಲದ ನೀರು ಹಾಕಿ. ಏಲಕ್ಕಿ, ಕಾಳುಮೆಣಸನ್ನು ಕುಟ್ಟಾಣಿಯಲ್ಲಿ ಆಗಲೇ ಕುಟ್ಟಿ ಹಾಕಿ, ಒಣಶುಂಠಿ, ಉಪ್ಪು ಸೇರಿಸಿ, ಉಳಿದ ನೀರು ಹಾಕಿ ಕಲಕಿ, ಕಾಲು ಗಂಟೆ ಮುಚ್ಚಿಡಿ.

ಕಾಲು ಗಂಟೆ ಬಿಟ್ಟು ನೋಡಿದರೆ ಪಾನಕ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ. ಬೇಲದಲ್ಲಿ ಪೆಕ್ಟಿನ್ ಜಾಸ್ತಿ. ಪೆಕ್ಟಿನ್ ಅಂದರೆ ಹಣ್ಣಿನಲ್ಲಿರುವ ಅಂಟಿನಂಶ, ಜಾಮ್ ಗಟ್ಟಿಯಾಗುವುದು ಅದರಿಂದಲೇ. ಸ್ವಲ್ಪ ನೀರು ಸೇರಿಸಿ ಹದ ಮಾಡಿಕೊಳ್ಳಿ, ಆಮೇಲೆ ಮತ್ತೊಮ್ಮೆ ಬೆಲ್ಲ, ಉಪ್ಪು ನೋಡಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಘಮಕ್ಕೆ ಅಂತ ಕೆಲವರು ಪಚ್ಚಕರ್ಪೂರ ಹಾಕುತ್ತಾರೆ. ಮಂಗಳಾರತಿಗೆ ಹಚ್ಚುವ ಕರ್ಪೂರ ಅದಲ್ಲ. ಪೂಜೆಯ ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಸಣ್ಣ ಮಕ್ಕಳಿಗೆ ಫಿಟ್ಸ್ ಬರಿಸುತ್ತದೆ. ಪಚ್ಚಕರ್ಪೂರವೂ ಜಾಸ್ತಿಯಾದರೆ ಒಳ್ಳೆಯದಲ್ಲ. ಬೇಲಕ್ಕೆ ತನ್ನದೇ ಘಮ ಇರುವಾಗ ಅದರ ಅಗತ್ಯವೇ ಇಲ್ಲ. ನನ್ನ ಮಾತು ಕೇಳುವುದಾದರೆ ಕರ್ಪೂರದ ಡಬ್ಬಿ ಅಡುಗೆಮನೆಗೆ ತರಲೇಬೇಡಿ.

ತಣ್ಣಗೆ ಬೇಕಾದರೆ ಮಣ್ಣಿನ ಮಡಕೆಯಲ್ಲಿಡಿ. ಐಸ್ ಹಾಕುವುದಾದರೆ ಕುದಿಸಿ ಆರಿಸಿದ ನೀರಿನಲ್ಲೇ ಮಾಡಿದ ಐಸ್ ಇರಲಿ. ಪಾನಕವೆಲ್ಲ ಶುದ್ಧವಾಗಿ ಮಾಡಿ ಹೊರಗಿನ ಐಸ್ ಗಡ್ಡೆ ಹಾಕಿದರೆ ಮಾಡಿದ್ದೆಲ್ಲ ನೀರುಪಾಲು.

ಎಷ್ಟು ಹೊತ್ತು ಇಡಬಹುದು

ಬೆರೆಸಿದ ಪಾನಕ ಹೊರಗಿದ್ದರೆ ಮೂರು ಗಂಟೆಯೊಳಗೆ ಮುಗಿಸಿ, ಮಾರ್ಚ್ ಏಪ್ರಿಲ್ ಸೆಖೆಯಲ್ಲಿ ಇನ್ನೂ ಬೇಗ. ಫ್ರಿಜ್ಜಿನಲ್ಲಿ ಒಂದು ದಿನ ಆರಾಮಾಗಿ ಇರುತ್ತದೆ. ಗುಳ್ಳೆ ಎದ್ದರೆ, ಮುಚ್ಚಳ ತೆಗೆದಾಗ ಬುಸ್ ಅಂದರೆ, ಹೆಂಡದ ವಾಸನೆ ಬಂದರೆ ಚೆಲ್ಲಿಬಿಡಿ.

ಹಣ್ಣು ಜಾಸ್ತಿ ಸಿಕ್ಕಿದಾಗ ಪಾನಕ ಮಾಡಿಡಬೇಡಿ, ಸೋಸಿದ ತಿರುಳನ್ನು ಇಡಿ. ಗಟ್ಟಿಯಾಗಿ ಸೋಸಿ, ನೀರು ಆದಷ್ಟೂ ಕಡಿಮೆ ಹಾಕಿ, ಒಂದು ಸಲಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ಡಬ್ಬಿಯ ಬಾಯಿವರೆಗೂ ತುಂಬಬೇಡಿ, ಗಡ್ಡೆ ಕಟ್ಟುವಾಗ ಉಬ್ಬುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವುದು ಬೇಡ.

ರಾಮನವಮಿಗೆ 50 ಜನಕ್ಕೆ ಮಾಡುವವರಿಗೆ ಲೆಕ್ಕ: ಒಬ್ಬೊಬ್ಬರಿಗೆ ಒಂದು ಪೂರ್ತಿ ಲೋಟದಂತೆ 13 ಹಣ್ಣು, ಬೆಲ್ಲ ಒಂದೂಕಾಲು ಕಿಲೋ, ನೀರು 8 ಲೀಟರ್. ಸಣ್ಣ ಲೋಟದಲ್ಲಿ ಹಂಚುವುದಾದರೆ ಇದರ ಅರ್ಧ ಸಾಕು. ಹಿಂದಿನ ರಾತ್ರಿಯೇ ತಿರುಳು ಸೋಸಿ ಫ್ರಿಜ್ಜಿಗಿಡಿ, ಬೆಲ್ಲದ ನೀರು ಬೇರೆ ಇಡಿ, ಬೆಳಿಗ್ಗೆ ಹಂಚುವ ಮುಂಚೆ ಬೆರೆಸಿ. ರಾತ್ರಿಯೇ ಎಲ್ಲಾ ಬೆರೆಸಿಟ್ಟರೆ ಬೆಳಿಗ್ಗೆಗೆ ಹುಳಿ ಹಿಡಿಯುವ ಭಯ ಇರುತ್ತದೆ.

ಬೇರೆ ಥರ ಮಾಡುವುದು

ಬೆಲ್ಲ ಬೇಡ ಅನ್ನುವವರು ಅದೇ ತಿರುಳಿನ ರಸಕ್ಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಸೀಳಿದ ಒಂದು ಹಸಿಮೆಣಸಿನಕಾಯಿ, ನಾಲ್ಕೆಲೆ ಪುದೀನ ಹಾಕಿ, ನೀರು ಜಾಸ್ತಿ ಬೆರೆಸಿ ಕುಡಿಯಬಹುದು. ಊಟದ ಜೊತೆಗೆ ಇದು ನನಗೆ ಸಿಹಿ ಪಾನಕಕ್ಕಿಂತ ಹೆಚ್ಚು ಹಿಡಿಸುತ್ತದೆ.

ತೆಂಗಿನಹಾಲಿನದು ಇನ್ನೊಂದು. ಶ್ರೀಲಂಕಾದಲ್ಲಿ ಬೇಲದ ತಿರುಳಿಗೆ ತೆಂಗಿನಹಾಲು, ಬೆಲ್ಲ ಬೆರೆಸಿ ಕುಡಿಯುವ ರೂಢಿ ಇದೆ. ತೆಂಗಿಗೇ ಹೆಸರಾದ ಅರಸೀಕೆರೆ ಸೀಮೆಯಲ್ಲಿ ಇದ್ದುಕೊಂಡು ನಾವು ಮಾಡದಿದ್ದರೆ ಹೇಗೆ? ನೀರಿನ ಅರ್ಧದಷ್ಟನ್ನು ಬಿಟ್ಟು ಅದರ ಬದಲು ತೆಳು ತೆಂಗಿನಹಾಲು ಹಾಕಿ, ಶುಂಠಿ ಮೆಣಸು ಬಿಟ್ಟು ಏಲಕ್ಕಿ ಮಾತ್ರ ಇರಲಿ. ಇದು ಬೇಗ ಕೆಡುತ್ತದೆ, ಮಾಡಿದ ಗಂಟೆಯಲ್ಲೇ ಕುಡಿದುಬಿಡಿ. ಹಸುವಿನ ಹಾಲು ಮಾತ್ರ ಹಾಕಬೇಡಿ, ಹುಳಿಗೆ ಒಡೆಯುತ್ತದೆ.

ಯಾರು ನೋಡಿಕೊಂಡು ಕುಡಿಯಬೇಕು

ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳುವಾಗ ಇದನ್ನೂ ಹೇಳಲೇಬೇಕು. ಬೇಲದ ತಿರುಳಿನಲ್ಲಿ ನಾರಿದೆ, ಬಿಸಿಲಲ್ಲಿ ಬಂದವರಿಗೆ ನೀರು, ಉಪ್ಪು, ಸಿಹಿ ಒಟ್ಟಿಗೆ ಸಿಗುತ್ತದೆ, ಅದರಿಂದ ಸುಸ್ತು ಕಳೆಯುತ್ತದೆ. ಅಷ್ಟು ನಿಜ. ಇದು ಯಾವ ಕಾಯಿಲೆಗೂ ಔಷಧಿಯ ಬದಲು ಆಗುವುದಿಲ್ಲ. ಬೇಲ ಕುಡಿದರೆ ಶುಗರ್ ಹೋಗುತ್ತೆ ಅಂತ ಓಡಾಡುವ ಸಂದೇಶ ನಂಬಿ ಮಾತ್ರೆ ಬಿಟ್ಟವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬೆಲ್ಲ ಸಕ್ಕರೆಗಿಂತ ಒಳ್ಳೆಯದು, ಶುಗರ್ ಇರುವವರೂ ಕುಡಿಯಬಹುದು ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಬೆಲ್ಲದಲ್ಲಿ ಇರುವುದರಲ್ಲಿ ಹೆಚ್ಚು ಪಾಲು ಸಕ್ಕರೆಯೇ. ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ ಸುಮಾರು 25 ಗ್ರಾಂ ಬೆಲ್ಲ ಹೋಗುತ್ತದೆ, ಬೆಲ್ಲದ್ದೇ ನೂರರ ಹತ್ತಿರ ಕ್ಯಾಲೊರಿ. ಶುಗರ್ ಇರುವವರು ಉಪ್ಪಿನ ಪಾನಕ ಮಾಡಿಕೊಳ್ಳಿ, ಅದನ್ನೂ ಸಣ್ಣ ಲೋಟದಲ್ಲಿ, ಹಣ್ಣಿನಲ್ಲೂ ಸಿಹಿ ಇದೆಯಲ್ಲ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಒಂದು ವರ್ಷದೊಳಗಿನ ಮಕ್ಕಳಿಗೆ ಬೇಡ. ಮೊದಲ ಸಲ ಕುಡಿಯುವವರು ಅರ್ಧ ಲೋಟದಿಂದ ಶುರು ಮಾಡಿ, ನಾರು ಜಾಸ್ತಿ ಇರುವುದರಿಂದ ಒಮ್ಮೆಲೇ ಎರಡು ಮೂರು ಲೋಟ ಕುಡಿದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ.

ಉಳಿದ ಬೀಜ

ಜರಡಿಯಲ್ಲಿ ಉಳಿದ ಬೀಜವನ್ನು ನೀರಿನಲ್ಲಿ ಉಜ್ಜಿ ಅಂಟು ತೆಗೆದು ನೆರಳಲ್ಲಿ ಒಂದು ದಿನ ಆರಿಸಿ. ಮರಳು, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಅರ್ಧ ಇಂಚು ಆಳಕ್ಕೆ ಹಾಕಿ ತೇವ ಆರದ ಹಾಗೆ ನೋಡಿಕೊಂಡರೆ ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತದೆ. ಬೀಜದಿಂದ ಬಂದ ಗಿಡ ಕಾಯಿ ಬಿಡಲು 15 ವರ್ಷವಾದರೂ ಬೇಕು. ಅಷ್ಟು ಕಾಯಲು ಆಗದವರು ಕಸಿ ಗಿಡ ಹುಡುಕಿ, ಅದು ಬಹಳ ಬೇಗ ಫಲಕ್ಕೆ ಬರುತ್ತದೆ. ಕಡೂರು, ಅರಸೀಕೆರೆ ಕಡೆ ಹಳೇ ಬೇಲದ ಮರಗಳು ಕಡಿಮೆಯಾಗುತ್ತಿರುವುದನ್ನು ನೋಡಿದರೆ, ಬದುವಿನಲ್ಲಿ ಜಾಗ ಇದ್ದವರು ಎರಡನ್ನೂ ನೆಡಲಿ ಅನ್ನಿಸುತ್ತದೆ. ಗಿಡಕ್ಕೆ ಮುಳ್ಳಿರುತ್ತದೆ, ಓಡಾಡುವ ದಾರಿ ಬಿಟ್ಟು ಒಳಗೆ ನೆಡಿ. ಮರ ದೊಡ್ಡದಾಗುವುದರಿಂದ ಗಿಡದಿಂದ ಗಿಡಕ್ಕೆ 8 ಮೀಟರ್ ಬಿಡಿ. ಮೊದಲ ಒಂದೆರಡು ಬೇಸಿಗೆ ನೀರು ಹಾಕಿ, ದನ ಮೇಕೆ ಬಾಯಿ ಹಾಕದ ಹಾಗೆ ಸುತ್ತ ಬೇಲಿ ಕಟ್ಟಿ. ಮುಂಗಾರು ಹಿಡಿಯುವ ಹೊತ್ತಿಗೆ ನೆಟ್ಟರೆ ಬೇರು ಬೇಗ ಕಚ್ಚಿಕೊಳ್ಳುತ್ತದೆ.